ಡೇಟ್ ಬಾರ್ ಆದ ಮಾತ್ರೆ ತಗೊಂಡರೆ ನಿಜಕ್ಕೂ ಏನಾದರೂ ಆಗುತ್ತದಾ?

ಶಿರಸಿ ಸೊಸೆ

ಡೇಟ್ ಮುಗಿದ ಮಾತ್ರೆ ಅಂದರೆ ಅದು ವಿಷ ಆಗಿರುತ್ತದಾ, ಇಲ್ಲ ಸುಮ್ನೆ ಪವರ್ ಕಮ್ಮಿ ಆಗಿರುತ್ತದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಹುಡುಕಿದರೆ ಒಂದು ಕಡೆ ಮುಟ್ಟಲೇಬೇಡಿ ಅಂತಾರೆ, ಇನ್ನೊಂದು ಕಡೆ ಏನೂ ಆಗಲ್ಲ ಅಂತಾರೆ.

ವಿಷಯ ಏನಂದ್ರೆ, ನಮ್ಮ ಮಾವ ಮೊನ್ನೆ ರಾತ್ರಿ ಮೈ ಬಿಸಿ ಅಂತ ಡಬ್ಬದಿಂದ ಒಂದು ಡೋಲೋ 650 ತೆಗೆದು ನುಂಗಿದರು. ಬೆಳಿಗ್ಗೆ ನಾನು ಸ್ಟ್ರಿಪ್ ನೋಡಿದರೆ ಡೇಟ್ ಮುಗಿದು ಆರೇಳು ತಿಂಗಳಾಗಿದೆ. ಅವರಿಗೇನೂ ಆಗಿಲ್ಲ, ಜ್ವರವೂ ಬಿಟ್ಟಿದೆ. ನಾನು ಗಾಬರಿಯಾಗಿದ್ದಕ್ಕೆ "ಅದೆಲ್ಲ ಕಂಪನಿಯವರ ಆಟ ಮಾರಾಯ್ತಿ, ನಾವು ಹೊಸದು ತಗೊಳ್ಳಲಿ ಅಂತ ಡೇಟ್ ಹಾಕ್ತಾರೆ" ಅಂತ ನಕ್ಕರು. ಅತ್ತೆಯದು ಇದಕ್ಕೆ ಪೂರ್ತಿ ಉಲ್ಟಾ. ಡೇಟ್ ಆದ ಮರುದಿನ ಎಲ್ಲವೂ ಹಿತ್ತಿಲಿಗೆ.

ಈಗ ನಾನು ಡಬ್ಬ ಪೂರ್ತಿ ನೆಲಕ್ಕೆ ಸುರುವಿಕೊಂಡು ಕೂತಿದ್ದೇನೆ. ಬಿಸ್ಕತ್ತಿನ ಹಳೇ ಡಬ್ಬ ಅದು, ಅಡುಗೆಮನೆ ಫ್ರಿಜ್ ಮೇಲೆ ಇರುತ್ತದೆ. ಅದರಲ್ಲಿ ಸಿಕ್ಕಿದ್ದು: ಸೆಟ್ರಿಜಿನ್, ಯಾರಿಗೋ ಕೊಟ್ಟು ಉಳಿದ ಅಮಾಕ್ಸಿಕ್ಲಾವ್ ನಾಲ್ಕು, ಮಾವನ ಇಕೋಸ್ಪ್ರಿನ್ ಮತ್ತು ಸಾರ್ಬಿಟ್ರೇಟ್ (ಅವರಿಗೆ ಸ್ಟೆಂಟ್ ಹಾಕಿದೆ), ಅತ್ತೆಯ ಥೈರಾಯ್ಡ್ ಮಾತ್ರೆಯ ಹಳೇ ಬಾಟಲಿ, ತೆರೆದಿಟ್ಟ ಕಣ್ಣಿನ ಡ್ರಾಪ್ಸ್, ಮಗನ ಆಂಟಿಬಯೋಟಿಕ್ ಸಿರಪ್ ಅರ್ಧ ಬಾಟಲಿ, ಓಆರ್‌ಎಸ್ ಪ್ಯಾಕೆಟ್, ದ್ರಾಕ್ಷಾರಿಷ್ಟ. ಕೆಲವು ಸ್ಟ್ರಿಪ್‌ಗಳಲ್ಲಿ ಡೇಟೇ ಇಲ್ಲ, ಆ ಭಾಗ ಕತ್ತರಿಸಿ ಹೋಗಿದೆ.

ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಎಸೆಯಲೇಬೇಕು? ಎಸೆಯುವುದಾದರೆ ಎಲ್ಲಿಗೆ? ನಮ್ಮ ಹಿತ್ತಿಲಲ್ಲಿ ಕುಡಿಯುವ ನೀರಿನ ಬಾವಿ ಇದೆ, ಪಕ್ಕದಲ್ಲೇ ಕೊಟ್ಟಿಗೆ.

ಕೌಂಟರ್ ಹಿಂದಿನವ, ಹುಬ್ಬಳ್ಳಿ

ಅಕ್ಕಾ, ಮೊದಲು ಸಮಾಧಾನ ಮಾಡಿಕೊಳ್ಳಿ. ಒಂದು ಪ್ಯಾರಾಸಿಟಮಾಲ್ ಆರು ತಿಂಗಳು ಹಳೇದು ಅಂತ ನಿಮ್ಮ ಮಾವನಿಗೆ ಏನೂ ಆಗುವುದಿಲ್ಲ. ಆದರೆ ಅವರು ಹೇಳಿದ ಕಂಪನಿ ಆಟದ ಮಾತು ಅರ್ಧ ಮಾತ್ರ ಸರಿ.

ನಾನು ಮೆಡಿಕಲ್ ಶಾಪ್ ನಡೆಸುತ್ತೇನೆ. ಡೇಟ್ ಹೇಗೆ ಬರುತ್ತದೆ ಅಂತ ಹೇಳಿಬಿಡುತ್ತೇನೆ. ಕಂಪನಿಯವರು ಆ ಮಾತ್ರೆಯನ್ನು ಅದೇ ಪ್ಯಾಕಿಂಗ್‌ನಲ್ಲಿ, ಇಂತಿಷ್ಟು ಶಾಖ, ಇಂತಿಷ್ಟು ತೇವ ಇರುವ ಕೋಣೆಯಲ್ಲಿಟ್ಟು ಆಗಾಗ ತೆಗೆದು ಪರೀಕ್ಷೆ ಮಾಡುತ್ತಾರೆ. ಲೇಬಲ್ ಮೇಲೆ ಬರೆದಷ್ಟು ಔಷಧಿ ಒಳಗೆ ಇದೆಯಾ, ಒಡೆದು ಬೇರೆ ಏನಾದರೂ ಆಗಿದೆಯಾ, ನೀರಲ್ಲಿ ಸರಿಯಾಗಿ ಕರಗುತ್ತದಾ, ಇಷ್ಟು ನೋಡುತ್ತಾರೆ. ಬಹಳಷ್ಟು ಔಷಧಿಗೆ 90 ಪರ್ಸೆಂಟ್ ಅನ್ನುವುದು ಕೆಳಗಿನ ಗೆರೆ, ಕೆಲವಕ್ಕೆ ಇನ್ನೂ ಬಿಗಿ. ಎಲ್ಲಿವರೆಗೆ ಆ ಗೆರೆ ದಾಟಿಲ್ಲ ಅಂತ ಅವರ ಹತ್ತಿರ ಲೆಕ್ಕ ಇದೆಯೋ ಅಲ್ಲಿವರೆಗೆ ಡೇಟ್ ಕೊಡುತ್ತಾರೆ. ಸಾಮಾನ್ಯವಾಗಿ ಎರಡು ಮೂರು ವರ್ಷ. ಅದರಾಚೆ ಮಾತ್ರೆ ಕೆಟ್ಟಿದೆ ಅಂತಲ್ಲ, ಅದರಾಚೆ ನಾವು ಗ್ಯಾರಂಟಿ ಕೊಡುವುದಿಲ್ಲ ಅಂತ. ಇನ್ನೂ ಐದು ವರ್ಷ ಪರೀಕ್ಷೆ ಮಾಡುತ್ತಾ ಕೂರಲು ಅವರಿಗೇನೂ ಲಾಭ ಇಲ್ಲ ನೋಡಿ, ಅಲ್ಲಿಗೆ ನಿಮ್ಮ ಮಾವನ ಮಾತು ಒಪ್ಪಬೇಕು.

ಇನ್ನೊಂದು, ಸ್ಟ್ರಿಪ್ ಮೇಲೆ ಬರೀ ತಿಂಗಳು ಮತ್ತು ವರ್ಷ ಇದ್ದರೆ ಆ ತಿಂಗಳ ಕೊನೇ ದಿನದವರೆಗೂ ತಗೊಳ್ಳಬಹುದು. ಆಗಸ್ಟ್ ಅಂತ ಇದ್ದರೆ ಆಗಸ್ಟ್ 31. ಒಂದನೇ ತಾರೀಖೇ ವಾಪಸ್ ತಂದು ಕೌಂಟರ್ ಮೇಲೆ ಎಸೆದು ಜಗಳಕ್ಕೆ ನಿಲ್ಲುವವರು ಇದ್ದಾರೆ, ಅದಕ್ಕೆ ಹೇಳಿದೆ.

ನಾವು ಅಂಗಡಿಯವರು ಡೇಟ್ ಬಾರ್ ಆದದ್ದನ್ನು ಮಾರುವಂತಿಲ್ಲ, ಕಾನೂನು ಬಿಡುವುದಿಲ್ಲ. ಪ್ರತಿ ತಿಂಗಳು ಕಪಾಟು ಜಾಲಾಡಿ, ಹತ್ತಿರ ಬಂದಿದ್ದನ್ನು ಬೇರೆ ಡಬ್ಬಕ್ಕೆ ಹಾಕಿ ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ಕಳಿಸುತ್ತೇವೆ. ಮನೆಗಳಲ್ಲಿ ಆ ಕೆಲಸ ಮಾಡುವವರು ಯಾರೂ ಇಲ್ಲ. ನಿಮ್ಮಂಥ ಸೊಸೆ ಬಂದು ಡಬ್ಬ ಸುರುವಿಕೊಳ್ಳುವ ತನಕ ಅದು ಹಾಗೇ ಇರುತ್ತದೆ.

ಬಿಸಿಲೂರ ಮಂದಿ

ಮಾವನವರು ಹೇಳಿದ್ದೇ ಸರಿ ಅಂತ ನನ್ನ ವಾದ. ಅಮೆರಿಕದ ಸೈನ್ಯ ಇದನ್ನು ಪರೀಕ್ಷೆ ಮಾಡಿ ನೋಡಿದೆ. ಅವರ ಗೋದಾಮಿನಲ್ಲಿ ಕೋಟಿಗಟ್ಟಲೆ ಬೆಲೆಯ ಔಷಧಿ ಇರುತ್ತದೆ, ಡೇಟ್ ಆಯಿತು ಅಂತ ಪ್ರತಿ ಸಲ ಎಸೆಯಲು ಮನಸ್ಸಾಗಲಿಲ್ಲ. ಅದಕ್ಕೆ 1986ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜೊತೆ ಸೇರಿ ಹಳೇ ದಾಸ್ತಾನನ್ನು ಪರೀಕ್ಷಿಸುವ ಕಾರ್ಯಕ್ರಮ ಶುರು ಮಾಡಿದರು. 2006ರಲ್ಲಿ ಅದರ ಲೆಕ್ಕ ಪ್ರಕಟ ಆಯಿತು. 122 ಔಷಧಿ, 3,000ಕ್ಕೂ ಜಾಸ್ತಿ ಬ್ಯಾಚ್. ಅದರಲ್ಲಿ 88 ಪರ್ಸೆಂಟ್ ಬ್ಯಾಚ್‌ಗಳು ಡೇಟ್ ಮುಗಿದ ಮೇಲೂ ಕನಿಷ್ಠ ಒಂದು ವರ್ಷ ಚೆನ್ನಾಗಿದ್ದವು. ಸರಾಸರಿ 66 ತಿಂಗಳು ಮುಂದಕ್ಕೆ ಹಾಕಲು ಬಂತು. ಅಂದರೆ ಐದೂವರೆ ವರ್ಷ!

ಇನ್ನೂ ಮಜಾ ಬೇಕಾ? 2012ರಲ್ಲಿ ಕ್ಯಾಲಿಫೋರ್ನಿಯಾದವರು ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಿಕ್ಕ, ಸೀಲ್ ಒಡೆಯದ ಹಳೇ ಡಬ್ಬಗಳನ್ನು ಪರೀಕ್ಷೆ ಮಾಡಿದರು. ಡೇಟ್ ಮುಗಿದು 28ರಿಂದ 40 ವರ್ಷ ಆಗಿದ್ದವು. ಅಳೆದ 14 ಅಂಶಗಳಲ್ಲಿ 12 ಇನ್ನೂ 90 ಪರ್ಸೆಂಟ್‌ಗಿಂತ ಕೆಳಗೆ ಇಳಿದಿರಲಿಲ್ಲ. ನಮ್ಮ ಪ್ಯಾರಾಸಿಟಮಾಲ್ ಕೂಡ ಅದರಲ್ಲಿತ್ತು.

ಇಷ್ಟಾದ ಮೇಲೂ ಬಡವರು ಮಾತ್ರೆ ಎಸೆದು ಮತ್ತೆ ದುಡ್ಡು ಕೊಟ್ಟು ತರಬೇಕಾ? ನಮ್ಮ ಕಡೆ ಬಿಪಿ, ಶುಗರ್ ಮಾತ್ರೆಗೇ ತಿಂಗಳ ಸಂಬಳದ ಒಂದು ಭಾಗ ಹೋಗುತ್ತದೆ.

ತಾಲ್ಲೂಕು ಡಾಕ್ಟರ್

@ಬಿಸಿಲೂರ ಮಂದಿ, ನೀವು ಕೊಟ್ಟ ಎರಡೂ ಲೆಕ್ಕ ಸರಿ ಇವೆ. ಆದರೆ ಎರಡರಲ್ಲೂ ಒಂದು ಮಾತು ಬಿಟ್ಟಿದ್ದೀರಿ. ಸೈನ್ಯದ ಔಷಧಿ ಸೀಲ್ ಒಡೆಯದೆ, ಶಾಖ ತೇವ ಎರಡನ್ನೂ ಹಿಡಿತದಲ್ಲಿಟ್ಟ ಗೋದಾಮಿನಲ್ಲಿತ್ತು. ಅಷ್ಟಿದ್ದೂ ಒಂದೇ ಔಷಧಿಯ ಒಂದು ಬ್ಯಾಚ್ ವರ್ಷಗಟ್ಟಲೆ ಬಾಳಿತು, ಇನ್ನೊಂದು ಬ್ಯಾಚ್ ಬೇಗ ಬಿದ್ದುಹೋಯಿತು. ಪರೀಕ್ಷೆ ಮಾಡಿದ್ದರಿಂದ ಅವರಿಗೆ ಗೊತ್ತಾಯಿತು. ನಿಮ್ಮ ಕೈಯಲ್ಲಿರುವ ಸ್ಟ್ರಿಪ್ ಯಾವ ಗುಂಪಿನದು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ? 2012ರ ಪರೀಕ್ಷೆಯಲ್ಲಿ ಬಿದ್ದವುಗಳಲ್ಲಿ ಆಸ್ಪಿರಿನ್ ಒಂದು ಅನ್ನುವುದನ್ನೂ ಸೇರಿಸಿ ಹೇಳಬೇಕಿತ್ತು.

ನಿಮ್ಮ ಹೆಸರು ನೋಡಿದರೆ ರಾಯಚೂರು, ಕಲಬುರಗಿ ಕಡೆಯವರು ಅನಿಸುತ್ತದೆ. ಮೇ ತಿಂಗಳಲ್ಲಿ ಅಲ್ಲಿ 42 ಡಿಗ್ರಿ ಏರುವುದು ಹೊಸದೇನಲ್ಲ. ತಗಡಿನ ಮನೆಯೊಳಗೆ ಇನ್ನೂ ಜಾಸ್ತಿ. ನಮ್ಮ ಬಹುತೇಕ ಮಾತ್ರೆಗಳ ಮೇಲೆ 30 ಡಿಗ್ರಿ ಒಳಗೆ ಇಡಿ ಅಂತ ಇರುತ್ತದೆ. ಪ್ರಶ್ನೆ ಕೇಳಿದವರ ಊರು ಶಿರಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರು ಬಿಡುತ್ತದೆ. ಆ ಗಾಳಿಯಲ್ಲಿ ಮಾತ್ರೆ ಮಾತ್ರ ಗರಿಗರಿಯಾಗಿ ಇರುತ್ತದಾ? ಅದೂ ಫ್ರಿಜ್ ಮೇಲೆ, ಒಲೆಯ ಹಬೆ ತಾಗುವ ಜಾಗದಲ್ಲಿ. ಹಾಗಿಟ್ಟರೆ ಡೇಟ್ ಒಳಗಿರುವ ಮಾತ್ರೆಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಸ್ಟ್ರಿಪ್ ಮೇಲಿನ ತಾರೀಖಿನಷ್ಟೇ ಅದನ್ನು ಎಲ್ಲಿಟ್ಟಿದ್ದೀರಿ ಅನ್ನುವುದೂ ಮುಖ್ಯ.

ಹಾಗಾಗಿ ನಾನು ರೋಗಿಗಳಿಗೆ ಕೇಳುವುದು ಒಂದೇ ಪ್ರಶ್ನೆ. ಈ ಮಾತ್ರೆ ಕೆಲಸ ಮಾಡದೆ ಹೋದರೆ ಏನಾಗುತ್ತದೆ?

ತಲೆನೋವಿನ ಮಾತ್ರೆ ಕೆಲಸ ಮಾಡದಿದ್ದರೆ ತಲೆನೋವು ಇರುತ್ತದೆ, ಅಷ್ಟೆ. ನೆಗಡಿಗೆ ಸೆಟ್ರಿಜಿನ್ ಕೆಲಸ ಮಾಡದಿದ್ದರೆ ಮೂಗು ಸೋರುತ್ತದೆ. ನಡುರಾತ್ರಿ, ಅಂಗಡಿ ಮುಚ್ಚಿದೆ, ಮನೆಯಲ್ಲಿ ಡೇಟ್ ಮುಗಿದು ಕೆಲವು ತಿಂಗಳಾದ, ಸ್ಟ್ರಿಪ್ ಒಡೆಯದ, ಬಣ್ಣ ಬದಲಾಗದ ಪ್ಯಾರಾಸಿಟಮಾಲ್ ಮಾತ್ರ ಇದೆ ಅಂದರೆ ದೊಡ್ಡವರು ಒಂದು ತಗೊಂಡರೆ ನಾನು ಬೈಯುವುದಿಲ್ಲ. ಬೆಳಿಗ್ಗೆ ಹೊಸದು ತನ್ನಿ.

ಆದರೆ ಹೃದಯದ್ದು, ಶುಗರ್‌ದು, ಫಿಟ್ಸ್‌ದು, ಥೈರಾಯ್ಡ್‌ದು, ರಕ್ತ ತೆಳು ಮಾಡುವುದು, ಗರ್ಭ ನಿರೋಧಕ ಮಾತ್ರೆ, ಅಸ್ತಮಾದ ಪಫ್, ಇವುಗಳಲ್ಲಿ ಪವರ್ ಕಮ್ಮಿ ಆಗುವುದೇ ಅಪಾಯ. ವಿಷ ಆಗಬೇಕಾಗಿಲ್ಲ. ಫಿಟ್ಸ್ ಮಾತ್ರೆ ಸ್ವಲ್ಪ ಕಮ್ಮಿ ಆದರೂ ಫಿಟ್ಸ್ ಬರಬಹುದು, ಬಂದವರು ಬಾವಿ ಕಟ್ಟೆ ಮೇಲೆ ಇದ್ದರೆ?

ಈಗ ನಿಮ್ಮ ಡಬ್ಬಕ್ಕೆ ಬರುತ್ತೇನೆ ಮೇಡಂ.

ಮಾವನ ಸಾರ್ಬಿಟ್ರೇಟ್ ಮತ್ತು ಇಕೋಸ್ಪ್ರಿನ್ ಇವತ್ತೇ ಹೊಸದು ತರಿಸಿ, ನಾಳೆಗೆ ಬಿಡಬೇಡಿ. ಎರಡೂ ದುಬಾರಿ ಮಾತ್ರೆಗಳಲ್ಲ. ಎದೆ ಹಿಡಿದಾಗ ನಾಲಿಗೆ ಕೆಳಗೆ ಇಡುವ ಮಾತ್ರೆಯನ್ನು ಪರೀಕ್ಷೆ ಮಾಡಿ ನೋಡಲು ಎರಡನೇ ಅವಕಾಶ ಇರುವುದಿಲ್ಲ. ಇದೇ ಜಾತಿಯ ನೈಟ್ರೋಗ್ಲಿಸರಿನ್ ಅಂತೂ ಗಾಳಿಗೆ ಆವಿಯಾಗಿ ಹೋಗುವ ವಸ್ತು. ಅದನ್ನು ಅದರ ಗಾಜಿನ ಬಾಟಲಿಯಿಂದ ತೆಗೆದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಟ್ಟರೆ ಡೇಟ್ ಒಳಗೇ ಪವರ್ ಕಳೆದುಕೊಳ್ಳುತ್ತದೆ. ಇಕೋಸ್ಪ್ರಿನ್ ಅಂದರೆ ಆಸ್ಪಿರಿನ್, ಅದಕ್ಕೆ ತೇವ ಆಗುವುದಿಲ್ಲ. ಸ್ಟ್ರಿಪ್ ಒಡೆದಾಗ ವಿನೆಗರ್ ಥರ ಹುಳಿ ವಾಸನೆ ಬಂದರೆ ಮಾತ್ರೆ ಒಡೆದು ಅಸಿಟಿಕ್ ಆಸಿಡ್ ಆಗುತ್ತಿದೆ ಅಂತ ಅರ್ಥ, ಮೂಸಿ ನೋಡಿ ಬೇಕಾದರೆ.

ಅತ್ತೆಯ ಥೈರಾಯ್ಡ್ ಮಾತ್ರೆ ಎಸೆಯಿರಿ. ಅದರ ಡೋಸ್ ಮೈಕ್ರೋಗ್ರಾಂ ಲೆಕ್ಕದಲ್ಲಿ, ಬಿಸಿ, ಬೆಳಕು, ತೇವ ಮೂರಕ್ಕೂ ಸೂಕ್ಷ್ಮ. ಇದು ಬೇಗ ಪವರ್ ಕಳೆದುಕೊಳ್ಳುತ್ತದೆ ಅಂತಲೇ ಅಮೆರಿಕದಲ್ಲಿ 2007ರಲ್ಲಿ ನಿಯಮ ಬಿಗಿ ಮಾಡಿ, ಡೇಟ್ ಮುಗಿಯುವ ತನಕ 95 ಪರ್ಸೆಂಟ್ ಇರಲೇಬೇಕು ಅಂದರು. ಹಳೇ ಬಾಟಲಿ ನುಂಗುತ್ತಾ ಹೋದರೆ ಥೈರಾಯ್ಡ್ ರಕ್ತ ಪರೀಕ್ಷೆಯಲ್ಲಿ ಅಳೆಯುವ ಟಿಎಸ್‌ಎಚ್ ಏರುತ್ತದೆ, ನಾವು ಡಾಕ್ಟರ್‌ಗಳು ರಿಪೋರ್ಟ್ ನೋಡಿ ಡೋಸ್ ಜಾಸ್ತಿ ಮಾಡುತ್ತೇವೆ, ಆಮೇಲೆ ಹೊಸ ಬಾಟಲಿ ಬಂದಾಗ ಅದೇ ಡೋಸ್ ವಿಪರೀತ ಆಗುತ್ತದೆ.

ಅಮಾಕ್ಸಿಕ್ಲಾವ್ ನಾಲ್ಕು ಉಳಿದಿದೆ ಅಂದರೆ ಯಾರೋ ಕೋರ್ಸ್ ಅರ್ಧಕ್ಕೆ ಬಿಟ್ಟಿದ್ದಾರೆ. ಡೇಟ್ ಇರಲಿ ಇಲ್ಲದಿರಲಿ, ಉಳಿದ ಆಂಟಿಬಯೋಟಿಕ್ ಮನೆಯಲ್ಲಿ ಇರಬಾರದು. ಅದರೊಳಗಿನ ಕ್ಲಾವುಲಾನಿಕ್ ಆಸಿಡ್ ತೇವ ತಾಗಿದರೆ ಬೇಗ ಕೆಡುತ್ತದೆ, ಅದಕ್ಕೇ ಆ ಮಾತ್ರೆಗೆ ಅಷ್ಟು ದಪ್ಪ ಅಲ್ಯೂಮಿನಿಯಂ ಹಾಳೆ. ಸತ್ವ ಇಲ್ಲದ ಆಂಟಿಬಯೋಟಿಕ್ ಸೋಂಕನ್ನು ಕೊಲ್ಲದೆ ಬರೀ ಪಳಗಿಸುತ್ತದೆ.

ಮಗನ ಸಿರಪ್ ಬಾಟಲಿ ಮೇಲೆ ಡೇಟ್ ಇನ್ನೂ ಒಂದು ವರ್ಷ ಇರಬಹುದು, ಅದು ಒಣ ಪುಡಿಗೆ ಮಾತ್ರ. ನೀರು ಕಲಸಿದ ಮೇಲೆ ಅದರ ಆಯಸ್ಸು ದಿನಗಳ ಲೆಕ್ಕ. ಅಮಾಕ್ಸಿಕ್ಲಾವ್ ಸಿರಪ್ ಆದರೆ ಫ್ರಿಜ್‌ನಲ್ಲಿಟ್ಟರೂ ಏಳು ದಿನ. ಕಣ್ಣಿನ ಡ್ರಾಪ್ಸ್ ಕೂಡ ಹಾಗೇ. ಮುಚ್ಚಳ ತೆರೆದು ಸುಮಾರು ಒಂದು ತಿಂಗಳಾದರೆ ಎಸೆಯಿರಿ, ಅಲ್ಲಿ ಪವರ್‌ಗಿಂತ ಬಾಟಲಿ ಮೂತಿಯಲ್ಲಿ ಸೇರಿಕೊಂಡ ಕ್ರಿಮಿಯ ಭಯ.

ಓಆರ್‌ಎಸ್ ಪುಡಿ ಗಟ್ಟಿಯಾಗಿದ್ದರೆ, ಬಣ್ಣ ಕಂದಿದ್ದರೆ ಬೇಡ.

ತೋಟದ ಮನೆ

ಡಾಕ್ಟ್ರೇ, ಡೇಟ್ ಮುಗಿದ ಮೇಲೆ ನಿಜವಾಗಿಯೂ ವಿಷ ಆಗುವ ಮಾತ್ರೆ ಒಂದಾದರೂ ಇದೆಯಾ? ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಹಳೇದಾದರೆ ಕಿಡ್ನಿ ತೆಗೆಯುತ್ತದೆ ಅಂತ ನಮ್ಮ ತಂದೆ ಕಾಲದಿಂದ ಕೇಳುತ್ತಿದ್ದೇನೆ.

ತಾಲ್ಲೂಕು ಡಾಕ್ಟರ್

ಅದು ಕಟ್ಟುಕಥೆ ಅಲ್ಲ. 1963ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯಲ್ಲಿ ವರದಿ ಬಂದಿತ್ತು. ಕೆಟ್ಟುಹೋದ ಟೆಟ್ರಾಸೈಕ್ಲಿನ್ ತಗೊಂಡವರಿಗೆ ವಾಂತಿ, ಮೂತ್ರದಲ್ಲಿ ಸಕ್ಕರೆ, ಪ್ರೊಟೀನ್ ಹೋಗುವುದು, ಕಿಡ್ನಿಯ ಸೋಸುವ ಕೆಲಸ ತಪ್ಪುವುದು, ಇಷ್ಟೆಲ್ಲ ಆಗಿತ್ತು. ಮಾತ್ರೆ ನಿಲ್ಲಿಸಿದ ಮೇಲೆ ಸರಿಹೋದರು. ಆಗಿನ ಕ್ಯಾಪ್ಸೂಲ್‌ಗಳಲ್ಲಿ ಸಿಟ್ರಿಕ್ ಆಸಿಡ್ ಬೆರೆಸುತ್ತಿದ್ದರು, ಬಿಸಿ ತೇವ ಸೇರಿದಾಗ ಅದು ಔಷಧಿ ಬೇಗ ಒಡೆಯುವಂತೆ ಮಾಡುತ್ತಿತ್ತು. ಆಮೇಲೆ ಅದನ್ನು ಬೆರೆಸುವುದು ಬಿಟ್ಟರು. ಡೇಟ್ ಮುಗಿದ ಮಾತ್ರೆ ವಿಷ ಅನ್ನುವ ಮಾತಿಗೆ ಎಲ್ಲರೂ ಕೊಡುವ ಉದಾಹರಣೆ ಇದೊಂದೇ, ಅರವತ್ತು ವರ್ಷದಿಂದ. ಹಾಗಂತ ಅದೇ ಜಾತಿಯ ಹಳೇ ಡಾಕ್ಸಿಸೈಕ್ಲಿನ್ ನುಂಗಿ ಅಂತ ನಾನು ಹೇಳುತ್ತಿಲ್ಲ.

ನ್ಯೂಜೆರ್ಸಿ ಗೌಡ್ರು

ಪರದೇಶದಲ್ಲಿರುವ ಮಕ್ಕಳ ಕಡೆಯಿಂದ ಒಂದೆರಡು ಮಾತು, ಯಾಕಂದ್ರೆ ನಾವು ತಂದು ಸುರಿಯುವ ಮಾತ್ರೆಗಳಿಂದ ಅರ್ಧ ಗೊಂದಲ ಹುಟ್ಟುತ್ತದೆ.

ಇಲ್ಲಿ ಡೇಟ್ ಬರೆಯುವಾಗ ತಿಂಗಳು ಮೊದಲು, ದಿನ ಆಮೇಲೆ. 06/09/25 ಅಂದರೆ ಜೂನ್ 9. ಊರಿನಲ್ಲಿ ಅಪ್ಪ ಅದನ್ನು ಸೆಪ್ಟೆಂಬರ್ 6 ಅಂತ ಓದುತ್ತಾರೆ. ಇನ್ನು ಡಾಕ್ಟರ್ ಚೀಟಿಗೆ ಕೊಡುವ ಮಾತ್ರೆ ಇಲ್ಲಿ ಸ್ಟ್ರಿಪ್‌ನಲ್ಲಿ ಬರುವುದು ಕಮ್ಮಿ. ದೊಡ್ಡ ಡಬ್ಬದಿಂದ ಎಣಿಸಿ ಕಿತ್ತಳೆ ಬಣ್ಣದ ಬಾಟಲಿಗೆ ಹಾಕಿ ಕೊಡುತ್ತಾರೆ. ಅದರ ಮೇಲಿನ ಡೇಟ್ ಅನೇಕ ಸಲ ಕೊಟ್ಟ ದಿನದಿಂದ ಒಂದು ವರ್ಷ ಅಂತ ಫಾರ್ಮಸಿಯವರು ಹಾಕಿದ್ದು, ಕಂಪನಿಯ ಡೇಟ್ ಅಲ್ಲ. ಕಂಪನಿಯ ಡೇಟ್ ಇನ್ನೂ ಮುಂದೆ ಇರಬಹುದು. ಆದರೆ ಸೀಲ್ ಒಡೆದು ಬೇರೆ ಬಾಟಲಿಗೆ ಬಂದ ಮೇಲೆ ಕಂಪನಿಯ ಮಾತು ಅದಕ್ಕೆ ಲೆಕ್ಕಕ್ಕಿಲ್ಲ, ಅದಕ್ಕೇ ಆ ಒಂದು ವರ್ಷ.

ಅಮ್ಮನಿಗೆ ಅಂತ ಐನೂರು ಮಾತ್ರೆಯ ಟೈಲೆನಾಲ್ ಡಬ್ಬ ತರುವ ಗೆಳೆಯರಿಗೆ ಒಂದು ವಿನಂತಿ. ಅದೂ ಪ್ಯಾರಾಸಿಟಮಾಲ್, ಡೋಲೋನೂ ಪ್ಯಾರಾಸಿಟಮಾಲ್. ಹೆಸರು ಬೇರೆ ಅಂತ ಎರಡನ್ನೂ ಒಟ್ಟಿಗೆ ನುಂಗುವವರಿದ್ದಾರೆ. ಡೇಟ್ ಮುಗಿದ ಒಂದು ಮಾತ್ರೆಗಿಂತ ಲಿವರ್‌ಗೆ ಈ ಡಬಲ್ ಡೋಸ್ ಬಹಳ ಅಪಾಯ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಅನ್ನುವುದು ಮೇಲಿನ ಮಿತಿ, ವಯಸ್ಸಾದವರಿಗೆ ಡಾಕ್ಟರ್ ಅದಕ್ಕಿಂತ ಕಮ್ಮಿ ಹೇಳುತ್ತಾರೆ.

ಮತ್ತೆ, ಉಳಿದ ಮಾತ್ರೆ ಊರಿನ ಬಡವರಿಗೆ ಕೊಡೋಣ ಅಂತ ಸೂಟ್‌ಕೇಸ್ ತುಂಬಿಕೊಂಡು ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ಪ್ರಕಾರ ದಾನದ ಔಷಧಿ ತಲುಪುವಾಗ ಇನ್ನೂ ಒಂದು ವರ್ಷವಾದರೂ ಡೇಟ್ ಉಳಿದಿರಬೇಕು, ಮತ್ತೊಬ್ಬರಿಗೆ ಕೊಟ್ಟು ಉಳಿದ ಮಾತ್ರೆ ದಾನಕ್ಕೆ ಬರುವುದಿಲ್ಲ. ನಮಗೆ ಬೇಡವಾದದ್ದು ಬಡವರಿಗೆ ಸಾಕು ಅನ್ನುವ ಬುದ್ಧಿ ನನಗಂತೂ ಹಿಡಿಸುವುದಿಲ್ಲ.

ಬಿಸಿಲೂರ ಮಂದಿ

ಡಾಕ್ಟ್ರೇ, ತೇವದ ಮಾತು ಒಪ್ಪಿದೆ. ದುಡ್ಡಿನ ಮಾತಿಗೆ ಉತ್ತರ ಬರಲಿಲ್ಲ. ಮತ್ತೆ ಇನ್ಸುಲಿನ್ ಬಗ್ಗೆ ಹೇಳಿ. ನಮ್ಮ ಕಡೆ ಕರೆಂಟ್ ಹೋದರೆ ಫ್ರಿಜ್ ಬರೀ ಕಪಾಟು.

ತಾಲ್ಲೂಕು ಡಾಕ್ಟರ್

ದುಡ್ಡಿನ ಮಾತು ನ್ಯಾಯವಾದದ್ದೇ. ಅದಕ್ಕೆ ದಾರಿ ಹಳೇ ಮಾತ್ರೆ ನುಂಗುವುದಲ್ಲ, ಬೇಕಾದಷ್ಟೇ ತರುವುದು. ಬಿಪಿ, ಶುಗರ್ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ, ಜನೌಷಧಿ ಅಂಗಡಿಯಲ್ಲಿ ನೋಡಿ, ಬೆಲೆ ಬಹಳ ಇಳಿಯುತ್ತದೆ. ದಿನಾ ನುಂಗುವ ಮಾತ್ರೆ ಡೇಟ್ ಬಾರ್ ಆಗುವ ತನಕ ಉಳಿದಿದೆ ಅಂದರೆ ಒಂದೋ ಜಾಸ್ತಿ ತಂದಿದ್ದೀರಿ, ಇಲ್ಲವೋ ನುಂಗುವುದು ತಪ್ಪಿಸಿದ್ದೀರಿ. ನನ್ನ ಅನುಭವದಲ್ಲಿ ಎರಡನೆಯದೇ ಜಾಸ್ತಿ.

ಇನ್ಸುಲಿನ್ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇದ್ದರೆ ಮಾತ್ರ ಅದರ ಮೇಲಿನ ಡೇಟ್‌ಗೆ ಬೆಲೆ. ತೆರೆದ ಮೇಲೆ ಹೆಚ್ಚಿನವು ಸುಮಾರು 28 ದಿನ, ನಿಮ್ಮದಕ್ಕೆ ಎಷ್ಟು ಅಂತ ಒಳಗಿನ ಚೀಟಿಯಲ್ಲಿ ಇರುತ್ತದೆ. ತೆರೆದ ದಿನವನ್ನು ಪೆನ್ನಿನಲ್ಲಿ ಲೇಬಲ್ ಮೇಲೆ ಬರೆಯಿರಿ. ಫ್ರೀಜರ್‌ಗೆ ಒತ್ತಿ ಇಡಬೇಡಿ, ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು. ಕರೆಂಟ್ ಹೋಗುವ ಕಡೆ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಸಣ್ಣ ಮಡಕೆಯಲ್ಲಿ ಇಡುವ ಪದ್ಧತಿ ಇದೆ. ಬಳಸುತ್ತಿರುವ ಬಾಟಲಿಗೆ ಅದು ಬಿಸಿಲ ಕಪಾಟಿಗಿಂತ ಎಷ್ಟೋ ವಾಸಿ. ಸ್ಟಾಕ್ ಮಾತ್ರ ಜಾಸ್ತಿ ಇಟ್ಟುಕೊಳ್ಳಬೇಡಿ.

ಒಂದು ತುರ್ತಿನ ಮಾತು. ಎದೆನೋವು ಬಂದಾಗ ಅಥವಾ ಉಸಿರು ಕಟ್ಟಿದಾಗ ಮನೆಯಲ್ಲಿ ಡೇಟ್ ಮುಗಿದ ಸಾರ್ಬಿಟ್ರೇಟ್, ಡೇಟ್ ಮುಗಿದ ಪಫ್ ಮಾತ್ರ ಇದ್ದರೆ ಡಾಕ್ಟರ್ ಹೇಳಿದ ಹಾಗೆ ಅದನ್ನೇ ಬಳಸಿ, ಜೊತೆಗೇ 108ಕ್ಕೆ ಫೋನ್ ಮಾಡಿ. ಮಾತ್ರೆ ಕೆಲಸ ಮಾಡುತ್ತದಾ ನೋಡೋಣ ಅಂತ ಕಾಯುವುದು ಬೇಡ.

ಹರಟೆ ಕಟ್ಟೆ

ಇಲ್ಲಿ ದ್ರಾಕ್ಷಾರಿಷ್ಟವನ್ನು ಎಲ್ಲರೂ ಮರೆತಿದ್ದೀರಿ, ಪಾಪ. ಆಸವ ಅರಿಷ್ಟಗಳಲ್ಲಿ ಹುದುಗು ಬಂದು ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಅದಕ್ಕೇ ಬೇಗ ಕೆಡುವುದಿಲ್ಲ. ಔಷಧ ನಿಯಮದಲ್ಲೂ ಅವಕ್ಕೆ 10 ವರ್ಷ ಆಯಸ್ಸು ಕೊಟ್ಟಿದ್ದಾರೆ. ಚೂರ್ಣಕ್ಕೆ ಈ ಭಾಗ್ಯ ಇಲ್ಲ, ಅದು ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಹುಳ ಬೀಳುತ್ತದೆ. ನಾಟಿ ಔಷಧಿಗೆ ಡೇಟ್ ಇಲ್ಲ ಅನ್ನುವ ಮಾತು ನಂಬಬೇಡಿ.

ಫಿಟ್ಸ್ ಬಾವಿ ಕಟ್ಟೆ ಉದಾಹರಣೆ ಓದಿ ನನಗೇ ಎದೆ ಹೊಡೆದುಕೊಂಡಿತು ಡಾಕ್ಟ್ರೇ.

ಹಸಿ ಕಸ ಒಣ ಕಸ, ಬೆಂಗಳೂರು

ಎಸೆಯುವುದರ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಅತ್ತೆಯವರ ಹಿತ್ತಿಲ ಪದ್ಧತಿ ಮೊದಲು ನಿಲ್ಲಿಸಿ. ಬಾವಿ ಪಕ್ಕದ ಮಣ್ಣಿಗೆ ಆಂಟಿಬಯೋಟಿಕ್ ಸುರಿದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ. ಗೊಬ್ಬರದ ಗುಂಡಿಗೆ ಹಾಕಿದರೆ ದನ, ನಾಯಿ, ಕೋಳಿ ಬಾಯಿ ಹಾಕುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ, ಆ ದನದ ಹೆಣ ತಿಂದ ರಣಹದ್ದುಗಳ ಕಿಡ್ನಿ ಕೆಡಿಸಿ ದೇಶದಲ್ಲಿ ಅವುಗಳ ಸಂತತಿಯನ್ನೇ ಬಹುತೇಕ ಮುಗಿಸಿತು. ಜಾನುವಾರಿಗೆ ಅದನ್ನು 2006ರಲ್ಲಿ ನಿಷೇಧಿಸಿದರು. ಔಷಧಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ. ಸುಡುವುದೂ ಬೇಡ, ಆ ಪ್ಲಾಸ್ಟಿಕ್ ಹೊಗೆ ನಿಮ್ಮ ಮಗನೇ ಕುಡಿಯುತ್ತಾನೆ.

2016ರ ಘನತ್ಯಾಜ್ಯ ನಿಯಮದಲ್ಲೇ ಡೇಟ್ ಮುಗಿದ ಔಷಧಿಯನ್ನು ಮನೆಯ ಅಪಾಯಕಾರಿ ಕಸ ಅಂತ ಸೇರಿಸಿದ್ದರು. ಬ್ಯಾಟರಿ, ಬಲ್ಬು, ಸೂಜಿ ಜೊತೆ ಅದು. ಅಂದರೆ ಹಸಿ ಕಸಕ್ಕೂ ಅಲ್ಲ, ಒಣ ಕಸಕ್ಕೂ ಅಲ್ಲ, ಬೇರೆ ಕಟ್ಟಿ ಕೊಡಬೇಕು. ತಗೊಳ್ಳುವವರು ಇದ್ದಾರಾ ಅನ್ನುವುದು ಬೇರೆ ಪ್ರಶ್ನೆ. ಕೇರಳದಲ್ಲಿ ಔಷಧ ನಿಯಂತ್ರಣ ಇಲಾಖೆಯೇ ಎನ್‌ಪ್ರೌಡ್ ಅಂತ ಯೋಜನೆ ಮಾಡಿ ಮನೆಗಳ ಹಳೇ ಮಾತ್ರೆ ವಾಪಸ್ ಪಡೆಯುತ್ತಿದೆ. ನಮ್ಮಲ್ಲೂ ಮೆಡಿಕಲ್ ಶಾಪ್ ಮುಂದೆ ಒಂದು ಡಬ್ಬ ಇಡಲು ಏನು ಕಷ್ಟವೋ.

ಸದ್ಯಕ್ಕೆ ಹೀಗೆ ಮಾಡಿ. ಸ್ಟ್ರಿಪ್‌ನಿಂದ ಮಾತ್ರೆಗಳನ್ನೆಲ್ಲ ಬಿಡಿಸಿ. ಸಿರಪ್ ಇದ್ದರೆ ಅದನ್ನೂ ಸೇರಿಸಿ ಕಾಫಿ ಚರಟ ಅಥವಾ ಚಹಾ ಗಸಿ ಜೊತೆ ಕಲಸಿ, ಯಾರೂ ತೆಗೆದು ತಿನ್ನದ ಹಾಗೆ ಆಗಲಿ. ಗಟ್ಟಿ ಕವರ್‌ಗೆ ಹಾಕಿ ಕಟ್ಟಿ, ಪಟ್ಟಣದ ಕಸದ ಗಾಡಿಗೆ ಬೇರೆಯಾಗಿ ಕೊಡಿ. ಖಾಲಿ ಸ್ಟ್ರಿಪ್ ಕತ್ತರಿಸಿ. ಸೂಜಿ ಇದ್ದರೆ ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿದು ಕೊಡಿ, ಕಸ ಎತ್ತುವವರ ಕೈ ಅದು.

ಟಾಯ್ಲೆಟ್‌ಗೆ ಸುರಿಯಬಹುದಾ ಅಂತ ಕೇಳುತ್ತಾರೆ. 2025ರಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 17 ಔಷಧಿಗಳ ಪಟ್ಟಿ ಕೊಟ್ಟು, ಅವನ್ನು ಫ್ಲಶ್ ಮಾಡಿ ಅಂದಿದೆ. ಟ್ರಮಡಾಲ್, ಫೆಂಟನಿಲ್, ಡಯಜೆಪಾಮ್ ಥರದವು, ಮನೆಯಲ್ಲಿ ಬೇರೆ ಯಾರಾದರೂ ಒಂದು ನುಂಗಿದರೂ ಪ್ರಾಣಕ್ಕೆ ಬರಬಹುದಾದವು. ಉಳಿದವನ್ನು ಸುರಿಯಬೇಡಿ.

ಶಿರಸಿ ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾವನಿಗೆ ಡಾಕ್ಟರ್ ಬರೆದದ್ದನ್ನು ಓದಿ ಹೇಳಿದೆ. ಕಂಪನಿ ಆಟ ಅನ್ನುವುದನ್ನು ಬಿಡಲಿಲ್ಲ, ಆದರೆ ಸಂಜೆ ಪೇಟೆಗೆ ಹೋದವರು ಹೊಸ ಸಾರ್ಬಿಟ್ರೇಟ್ ತಂದಿದ್ದಾರೆ. ಥೈರಾಯ್ಡ್ ಬಾಟಲಿ, ಅಮಾಕ್ಸಿಕ್ಲಾವ್, ಸಿರಪ್, ಡ್ರಾಪ್ಸ್ ಎಲ್ಲ ಕಾಫಿ ಚರಟದ ಪಾಲಾಯಿತು. ಡಬ್ಬವನ್ನು ಮಲಗುವ ಕೋಣೆಯ ಮರದ ಕಪಾಟಿಗೆ ಸಾಗಿಸಿದೆ, ಮಗನ ಕೈಗೆ ಎಟುಕದ ಎತ್ತರದಲ್ಲಿ.

ಎರಡು ಉಳಿದಿವೆ. ಕತ್ತರಿಸಿದ ಸ್ಟ್ರಿಪ್‌ಗಳಲ್ಲಿ ಡೇಟ್ ಇಲ್ಲವಲ್ಲ, ಅವನ್ನು ಏನು ಮಾಡಲಿ? ಮತ್ತೆ ಮಳೆಗಾಲಕ್ಕೆ ಮಾತ್ರೆಗಳನ್ನೆಲ್ಲ ಫ್ರಿಜ್ ಒಳಗೇ ಇಟ್ಟರೆ ಒಳ್ಳೆಯದಾ?

ಕೌಂಟರ್ ಹಿಂದಿನವ, ಹುಬ್ಬಳ್ಳಿ

ಫ್ರಿಜ್ ಬೇಡ ಅಕ್ಕಾ, ಫ್ರಿಜ್‌ನಲ್ಲಿ ಇಡಿ ಅಂತ ಬರೆದದ್ದನ್ನು ಬಿಟ್ಟು. ಹೊರಗೆ ತೆಗೆದಾಗಲೆಲ್ಲ ಸ್ಟ್ರಿಪ್ ಮೇಲೆ ನೀರು ಕಟ್ಟುತ್ತದೆ, ಅದು ಇನ್ನೂ ಕೆಟ್ಟದ್ದು. ಬಿಗಿ ಮುಚ್ಚಳದ ಡಬ್ಬ ಸಾಕು. ಬಾಟಲಿಯೊಳಗೆ ಬರುವ ಸಣ್ಣ ಸಿಲಿಕಾ ಪೊಟ್ಟಣವನ್ನು ಎಸೆಯದೆ ಅದರಲ್ಲೇ ಬಿಡಿ.

ಡೇಟ್ ಇಲ್ಲದ ಸ್ಟ್ರಿಪ್ ಎಸೆಯಿರಿ. ಹೆಸರಾದರೂ ಪೂರ್ತಿ ಕಾಣುತ್ತದಾ? ಅರ್ಧ ಹೆಸರಿನ ಸ್ಟ್ರಿಪ್ ಡೇಟ್ ಬಾರ್ ಆದದ್ದಕ್ಕಿಂತ ಅಪಾಯ, ಒಂದೇ ಬಣ್ಣದ ಸ್ಟ್ರಿಪ್‌ನಲ್ಲಿ ಹತ್ತು ಥರದ ಮಾತ್ರೆ ಬರುತ್ತದೆ. ಮುಂದೆ ಬಿಡಿ ಮಾತ್ರೆ ತಗೊಳ್ಳುವಾಗ ಡೇಟ್ ಇರುವ ಕಡೆಯಿಂದ ಕತ್ತರಿಸಿ ಕೊಡಿ ಅಂತ ಕೇಳಿ. ಕೊಡಲ್ಲ ಅಂದರೆ, ಅಂಗಡಿಯವರಿಗೂ ಉಳಿದ ತುಂಡಿಗೆ ಡೇಟ್ ಬೇಕಲ್ಲ, ಕತ್ತರಿಸುವ ಮೊದಲು ಪೂರ್ತಿ ಸ್ಟ್ರಿಪ್‌ನ ಹಿಂಭಾಗ ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಳ್ಳಿ. ಅದೂ ಆಗದಿದ್ದರೆ ಬಿಲ್ ಕೇಳಿ ಪಡೆಯಿರಿ. ಸಾಮಾನ್ಯವಾಗಿ ಬಿಲ್‌ನಲ್ಲಿ ಬ್ಯಾಚ್ ನಂಬರ್ ಪಕ್ಕದಲ್ಲೇ ಡೇಟ್ ಇರುತ್ತದೆ, ಅದನ್ನು ಮಡಚಿ ಅದೇ ಸ್ಟ್ರಿಪ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಇಡಿ.